ಧ್ರುವದ ಗುಡ್ಡಕ್ಕೊಂದು ಬಂಡಿದಾರಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹೊಲಗಳನ್ನೆಲ್ಲ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರಪಳಿ ಹಿಡಿದು ಅಳೆದು ನಿವೃತ್ತನಾದ ಸರ್ವೆಯರ್ ನಾನು. ನಿವೃತ್ತನಾದ ಮೇಲೆ ದಕ್ಷಿಣ ಧ್ರುವದ ಕಡೆಯ ಒಂದು ಗುಡ್ಡವನ್ನೂ ಅಳೆದೆ. ಹೀಗೆಂದರೆ ನಮ್ಮ ನ್ಯಾಮತಿಯ ಬಸ್ ನಿಲ್ದಾಣದಲ್ಲಿ ಕೂತವರು ನಗುತ್ತಾರೆ. ನಗಲಿ ಬಿಡಿ. ಹಿಮ ಅನ್ನುವುದನ್ನು ನಾನು ನೋಡಿದ್ದು ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಅದನ್ನೂ ಚಾಕುವಿನಿಂದ ಕೆರೆಯಲು ಹೋಗಿ ಫ್ರಿಜ್ಜು ಕೆಡಿಸಿ ಹೆಂಡತಿಯ ಕೈಲಿ ಬೈಸಿಕೊಂಡಿದ್ದೇನೆ. ಇಂಥವನ ಕೈಗೆ ಧ್ರುವದ ಗುಡ್ಡ ಕೊಟ್ಟವರದ್ದೂ ಸ್ವಲ್ಪ ತಪ್ಪಿದೆ ಎಂದು ಈಗಲೂ ನನ್ನ ವಾದ.

ಕೆಲಸ ಸಿಕ್ಕಿದ್ದು ಹೀಗೆ. ಹೊನ್ನಾಳಿಯಲ್ಲಿ ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಒಂದು ನಕ್ಷೆ ಆಫೀಸು ಶುರುವಾಗಿತ್ತು. ಮಾಲೀಕ ಹುಬ್ಬಳ್ಳಿಯಲ್ಲಿ, ಫೋನಿನಲ್ಲೇ ಆಡಳಿತ. ಹೊರದೇಶದವರು ವಿಮಾನದಿಂದ, ಉಪಗ್ರಹದಿಂದ ತೆಗೆದ ಫೋಟೋ ಕಳಿಸುತ್ತಿದ್ದರು; ಇಲ್ಲಿಯವರು ಅದರ ಮೇಲೆ ಗೆರೆ ಎಳೆದು ನಕ್ಷೆ ಮಾಡಿ ವಾಪಸು ಕಳಿಸುತ್ತಿದ್ದರು. ಗೆರೆ ಸರಿಯಾಗಿದೆಯೇ ಎಂದು ತಪಾಸಣೆ ಮಾಡಲು ಅನುಭವಸ್ಥರೊಬ್ಬರು ಬೇಕಾಗಿದ್ದರು. ಮನೆಯಲ್ಲಿ ಕೂತು ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಲು ಶುರುಮಾಡಿದ್ದ ನನ್ನನ್ನು ಹೆಂಡತಿಯೇ ಅಲ್ಲಿಗೆ ಓಡಿಸಿದಳು. ಕಂಪ್ಯೂಟರ್ ನನಗೆ ಆಗಿಬರದು. ಅದಕ್ಕೆ ಬರೀ ಗೆರೆಗಳನ್ನು ದೊಡ್ಡ ಹಾಳೆಯ ಮೇಲೆ ಅಚ್ಚು ತೆಗೆದು ಕೊಡುತ್ತಿದ್ದರು, ನಾನು ಕೆಂಪು ಪೆನ್ಸಿಲ್ ಹಿಡಿದು ತಿದ್ದುತ್ತಿದ್ದೆ.

ಗೆರೆ ಎಳೆಯುತ್ತಿದ್ದವಳು ಚನ್ನಗಿರಿಯ ಹೆಣ್ಣುಮಗಳು. ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಸಾಬರ ಮಗಳು. ಹೊನ್ನಾಳಿಯಲ್ಲಿ ಖಾಲಾ, ಅಂದರೆ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಬರುತ್ತಿದ್ದಳು. ಮೊದಲು ಚನ್ನಗಿರಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ಫೋಟೋಗಳ ಮುಖ ತಿದ್ದುತ್ತಿದ್ದಳಂತೆ. ಮದುಮಗಳ ಮೊಡವೆ ತೆಗೆಯುವುದು, ಮಾವನ ಕೆಂಗಣ್ಣು ಬಿಳಿಮಾಡುವುದು. ಏಳು ವರ್ಷ ಜನರ ಮುಖದ ಮೇಲೆ ಸುಳ್ಳು ಬರೆದು ಸಾಕಾಯಿತು ಎಂದು ಬಾಯಿಬಿಟ್ಟೇ ಹೇಳುತ್ತಿದ್ದಳು. ಇಲ್ಲಿ ಅವಳನ್ನು ತೆಗೆದುಕೊಂಡದ್ದು ಪರೀಕ್ಷೆಯ ಮೇಲೆ. ಈ ಗುಡ್ಡದ ಹಾಳೆ ಪಾಸಾದರೆ ಕೆಲಸ ಕಾಯಂ, ತಿರಸ್ಕಾರವಾಗಿ ಬಂದರೆ ಮತ್ತೆ ಮೊಡವೆ. ಮೊದಲ ದಿನವೇ ನನ್ನ ಮೇಜಿನ ಹತ್ತಿರ ಬಂದು, ತಪ್ಪಿದ್ದರೆ ಬೈದು ಹೇಳ್ರಿ ಸಾರ್, ಆದರೆ ಹೇಳ್ರಿ ಎಂದಳು. ಬೈಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗುಡ್ಡ ಅಂದರೆ ನಮ್ಮ ಕಡೆಯ ಗುಡ್ಡವಲ್ಲ. ಸಮುದ್ರದ ದಂಡೆಯಲ್ಲೇ ಎದ್ದಿರುವ ವಿಶಾಲವಾದ ಎತ್ತರದ ನೆಲ, ನೆತ್ತಿಯಿಂದ ನೀರಿನವರೆಗೂ ಹಿಮ. ಎಡಕ್ಕೊಂದು ಹಿಮನದಿ, ಬಲಕ್ಕೊಂದು ಹಿಮನದಿ. ಅವೆರಡೂ ನಿಂತಹಾಗೇ ಕಾಣುತ್ತ ಸಮುದ್ರಕ್ಕೆ ಜಾರುತ್ತಿರುತ್ತವಂತೆ. ಅಲ್ಲಲ್ಲಿ ಹಿಮದ ಮೇಲೆ ಕರೀ ಬಂಡೆಗಳು ತಲೆ ಎತ್ತಿವೆ, ಉಳಿದದ್ದೆಲ್ಲ ಬಿಳಿ. ಒಂದೇ ಜಾಗವನ್ನು ಎರಡು ಕಡೆಯಿಂದ ತೆಗೆದ ಫೋಟೋಗಳನ್ನು ಜೋಡಿಸಿ ನೋಡಿದರೆ ಎತ್ತರ ತಿಳಿಯುತ್ತದೆ, ಅದರ ಮೇಲೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆ ಎಳೆಯಬೇಕು ಎಂದು ಅವಳು ವಿವರಿಸಿದಳು. ಅದು ಏಪ್ರಿಲ್ ತಿಂಗಳು. ಹೊನ್ನಾಳಿಯ ತಗಡಿನ ಚಾವಣಿ ಕಾದು ಕೆಂಡವಾಗಿತ್ತು, ಕೆಳಗಿನಿಂದ ಯೂರಿಯಾದ ಘಾಟು ಬರುತ್ತಿತ್ತು, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತಿತ್ತು. ನಾನು ಬರೀ ಬನಿಯನ್ನಿನಲ್ಲಿ ಕೂತು ಹಿಮದ ಎತ್ತರ ತಪಾಸಣೆ ಮಾಡುತ್ತಿದ್ದೆ.

ಮೊದಲ ಜಗಳ ಆದದ್ದು ತುಂಡುಗೆರೆಗಳ ಬಗ್ಗೆ. ಕೆಲವು ಕಡೆ ರೇಖೆ ಅಖಂಡವಾಗಿ ಬಾರದೆ ತುಂಡುತುಂಡಾಗಿ ಬಂದಿತ್ತು. ಏನಮ್ಮಾ ಇದು, ಪೆನ್ನಿನಲ್ಲಿ ಶಾಯಿ ಖಾಲಿಯಾಯಿತೇ ಎಂದು ರೇಗಿದೆ. ಅಲ್ಲಿ ಬಿಳಿ ಬಿಟ್ಟು ಏನೂ ಕಾಣುವುದಿಲ್ಲ, ಎತ್ತರ ಖಚಿತವಿಲ್ಲ, ಖಚಿತವಿಲ್ಲದ ಕಡೆ ಅಂದಾಜು ಎಂದು ತೋರಿಸಲು ತುಂಡುಗೆರೆ ಹಾಕಬೇಕೆಂದು ಹೊರದೇಶದವರೇ ಹೇಳಿದ್ದಾರೆ ಎಂದಳು. ನನಗೆ ಮೈಯೆಲ್ಲ ಉರಿಯಿತು. ನಕ್ಷೆಯಲ್ಲಿ ಅಂದಾಜು ಅಂತ ಬರೆಯುವುದುಂಟೇ? ನಾವೂ ಅಂದಾಜು ಮಾಡಿದ್ದೇವೆ, ಧಾರಾಳವಾಗಿ ಮಾಡಿದ್ದೇವೆ, ಆದರೆ ಒಂದು ದಿನವೂ ಬರೆದವರಲ್ಲ. ಬರೆದಿದ್ದರೆ ನಾನು ತೋಟ ಅಳೆದುಕೊಟ್ಟ ಕೆರೆಬಿಳಚಿಯವರು ನನ್ನನ್ನು ಊರೊಳಗೆ ಬಿಡುತ್ತಿರಲಿಲ್ಲ. ಅವಳು ಕೇಳಿಸಿಕೊಂಡು ತುಂಡುಗೆರೆಯನ್ನು ಹಾಗೇ ಉಳಿಸಿದಳು.

ಎರಡನೆಯ ಜಗಳ ಗಡಿಯದ್ದು. ಹಳೆಯ ಫೋಟೋದಲ್ಲಿ ಹಿಮದ ಅಂಚು ಒಂದು ಕಡೆ, ಹೊಸ ಫೋಟೋದಲ್ಲಿ ಇನ್ನೊಂದು ಕಡೆ. ಗಡಿ ಸರಿಯುತ್ತದೆ ಸಾರ್ ಎಂದಳು. ಗಡಿ ಸರಿಯುವುದಿಲ್ಲ, ಗಡಿಯನ್ನು ಸರಿಸುತ್ತಾರೆ, ಸರಿಸಿದವರು ಯಾರೆಂದು ಹುಡುಕಬೇಕು ಅಂತ ನಾನು. ಸರಿಸಿದ್ದು ಸಮುದ್ರ ಎಂದಳು. ಅರ್ಧ ಗಂಟೆ ಯೋಚನೆ ಮಾಡಿ ಕೆಂಪು ಪೆನ್ಸಿಲ್‌ನಲ್ಲಿ, ‘ಉತ್ತರ ದಿಕ್ಕಿನಲ್ಲಿ ಸಮುದ್ರವು ಒತ್ತುವರಿ ಮಾಡಿರುವುದು ಕಂಡುಬಂದಿದೆ’ ಎಂದು ಷರಾ ಬರೆದೆ. ಯಾರಿಗೆ ನೋಟಿಸು ಕೊಡುವುದೆಂದು ಮಾತ್ರ ಹೊಳೆಯಲಿಲ್ಲ.

ಆಮೇಲೆ ಬಂತು ನೋಡಿ ಆ ಹಾಳು ಕಾಲಂ. ಹಾಳೆಯ ಜೊತೆ ಕಳಿಸಬೇಕಾದ ನಮೂನೆಯಲ್ಲಿ ಕೊನೆಗೊಂದು ಸಾಲು: ಸ್ಥಳ ಪರಿಶೀಲನೆ ಮಾಡಿದವರು ಯಾರು? ಖಾಲಿ ಬಿಡ್ರಿ ಸಾರ್, ಎಲ್ಲರೂ ಖಾಲಿ ಬಿಡ್ತಾರೆ ಎಂದು ಅವಳು ಹೇಳಿದಳು. ಖಾಲಿ ಬಿಡುವುದೇ? ಸರ್ವೆ ಇಲಾಖೆಯಲ್ಲಿ ಖಾಲಿ ಕಾಲಂ ಬಿಟ್ಟವನು ಉದ್ಧಾರವಾದದ್ದನ್ನು ನಾನು ನೋಡಿಲ್ಲ. ಅಳತೆಗೆ ಹೋದರೆ ಅಕ್ಕಪಕ್ಕದವರನ್ನು ಕರೆಸಬೇಕು, ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆಯಬೇಕು, ಐದು ಜನ ಪಂಚರ ಸಹಿ ಹಾಕಿಸಿ ಪಂಚನಾಮೆ ಮಾಡಬೇಕು. ಪಂಚನಾಮೆ ಇಲ್ಲದ ಅಳತೆ ಅಳತೆಯೇ ಅಲ್ಲ. ಧ್ರುವವಾದರೇನು, ನೆಲ ನೆಲವೇ ಅಲ್ಲವೇ? ಒಂದು ಬಿಳೀ ಹಾಳೆ ತೆಗೆದುಕೊಂಡು ಕೆಳಗಿನ ಚಹಾ ಅಂಗಡಿಗೆ ಇಳಿದೆ.

ಪಂಚನಾಮೆಗಳನ್ನು ಚಹಾ ಅಂಗಡಿಯಲ್ಲಿ ಮಾಡುವುದು ನನಗೆ ಹೊಸದೇನಲ್ಲ. ‘ಉತ್ತರಕ್ಕೆ ಸಮುದ್ರ, ದಕ್ಷಿಣಕ್ಕೆ ಹಿಮ, ಪೂರ್ವಕ್ಕೆ ಹಿಮನದಿ, ಪಶ್ಚಿಮಕ್ಕೆ ಇನ್ನೊಂದು ಹಿಮನದಿ, ಇವುಗಳ ಮಧ್ಯೆ ಇರುವ ಬೆಳೆ ಇಲ್ಲದ ಎತ್ತರದ ಜಮೀನು’ ಎಂದು ಬರೆದು ಅಲ್ಲಿದ್ದವರಿಗೆ ಓದಿದೆ. ಗೊಬ್ಬರದ ಅಂಗಡಿಯವರು ಗಂಭೀರವಾಗಿ ಕೇಳಿ, ಜಮೀನು ಯಾರ ಹೆಸರಿಗಿದೆ ಎಂದರು. ಯಾರ ಹೆಸರಿಗೂ ಇಲ್ಲ ಎಂದೆ. ಹಾಗಾದರೆ ಯಾರೂ ಅರ್ಜಿ ಹಾಕಿಲ್ಲವೇ ಎಂದು ಅವರು ಮುಂದಕ್ಕೆ ಬಾಗಿದರು. ಚಹಾ ಅಂಗಡಿಯವನಿಗೆ ಗುಡ್ಡಕ್ಕೆ ಹೆಸರಿಲ್ಲ, ಬರೀ ನಂಬರಿದೆ ಎಂದು ಕೇಳಿ ಬಹಳ ಬೇಜಾರಾಯಿತು. ಅವರಿಬ್ಬರೂ ಸಹಿ ಹಾಕಿದರು. ಚಹಾ ಕುಡಿಯಲು ಬಂದಿದ್ದ ಇನ್ನಿಬ್ಬರು ಏನು ಎತ್ತ ಎಂದು ಕೇಳದೆ ಸಹಿ ಹಾಕಿ ಎದ್ದುಹೋದರು. ಅಂಥವರು ಎಲ್ಲ ಊರಲ್ಲೂ ಸಿಗುತ್ತಾರೆ. ಐದನೆಯವರು ಪಕ್ಕದ ಟೇಲರ್ ಸಾಬರು. ಅವರು ಹಾಳೆಯನ್ನು ಎರಡು ಸಲ ಓದಿ ಮಡಚಿ ನನ್ನ ಕೈಗೇ ಕೊಟ್ಟರು.

“ಗುಡ್ಡಾನ ನೀವು ನೋಡೀರೇನ್ರಿ?” ಎಂದು ಕೇಳಿದರು.

ಇಲ್ಲವೆಂದೆ. ನೀವೂ ನೋಡಿಲ್ಲ, ನಾನೂ ನೋಡಿಲ್ಲ, ಇನ್ನು ಸಹಿ ಹೆಂಗೆ ಹಾಕಾದು ಅಂತ ಅವರು ಹೊಲಿಗೆ ಯಂತ್ರದ ಗಾಲಿ ತಿರುಗಿಸತೊಡಗಿದರು. ಮೂವತ್ತು ವರ್ಷದ ನೌಕರಿಯಲ್ಲಿ ಜಾಗ ನೋಡಿಲ್ಲವೆಂದು ಸಹಿ ನಿರಾಕರಿಸಿದ ಪಂಚ ನನಗೆ ಸಿಕ್ಕಿದ್ದು ಅದೇ ಮೊದಲು. ಎಷ್ಟು ಕೊಬ್ಬು ಇವರಿಗೆ ಎಂದುಕೊಂಡು ಐದನೆಯ ಜಾಗವನ್ನು ಖಾಲಿ ಬಿಟ್ಟೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲರೂ ನಕ್ಕು ಮರೆಯುತ್ತಿದ್ದರೇನೋ. ಮೇಲೆ ಹತ್ತುವಷ್ಟರಲ್ಲಿ ಗೊಬ್ಬರದ ಅಂಗಡಿಯವರು ಹಿಂದಿನಿಂದ ಕೂಗಿ, ಎಲ್ಲ ಸರಿ, ಅಲ್ಲಿಗೆ ಹೋಗಾಕೆ ದಾರಿ ಎಲ್ಲೈತೆ ಎಂದು ಕೇಳಿಬಿಟ್ಟರು. ನಾನು ಮೆಟ್ಟಿಲ ಮೇಲೆ ನಿಂತುಬಿಟ್ಟೆ. ದಾರಿ! ದಾರಿ ತೋರಿಸದ ನಕ್ಷೆಗೆ ಕವಡೆ ಕಿಮ್ಮತ್ತಿಲ್ಲ. ನಮ್ಮ ಕಡೆ ಹೊಲ ಬರೆದರೆ ಪಕ್ಕದಲ್ಲಿ ಬಂಡಿದಾರಿಯ ಚುಕ್ಕಿಗೆರೆ ಬರೆಯಲೇಬೇಕು. ಓಡಿಹೋಗಿ ಹಾಳೆ ಬಿಡಿಸಿ, ಸಮುದ್ರದ ದಂಡೆಯಿಂದ ನೆತ್ತಿಯವರೆಗೆ ರೇಖೆಗಳು ದೂರದೂರ ಇರುವ, ಅಂದರೆ ಏರು ಕಡಿಮೆ ಇರುವ ಕಡೆ ಹುಡುಕಿ ಕೆಂಪು ಪೆನ್ಸಿಲ್‌ನಲ್ಲಿ ಚುಕ್ಕಿ ಇಟ್ಟೆ. ಅಚ್ಚುಕಟ್ಟಾದ ದಾರಿ. ಎತ್ತಿಗೂ ಆಯಾಸವಾಗದು.

ಫೋಟೋದಲ್ಲಿ ದಾರಿ ಇಲ್ಲವಲ್ಲ ಸಾರ್ ಎಂದು ಅವಳು ಹೇಳಿದಳು. ನೀನು ಹುಟ್ಟುವ ಮೊದಲಿಂದ ಸರಪಳಿ ಎಳೆದವನು ನಾನು, ಹಾಕು ಎಂದೆ. ಇಲ್ಲದ್ದನ್ನು ಹಾಕಲು ಇಷ್ಟವಿಲ್ಲ ಎಂದು ಮತ್ತೊಮ್ಮೆ ಹೇಳಿದಳು. ನಾನು ಮೇಜು ಗುದ್ದಿ, ತಪಾಸಣೆದಾರ ನೀನೋ ನಾನೋ ಎಂದು ಕಿರುಚಿದೆ. ಕೆಳಗೆ ಯೂರಿಯಾ ತೂಗುತ್ತಿದ್ದವರಿಗೂ ಕೇಳಿಸಿತಂತೆ. ಅವಳು ಕೂತು ಚುಕ್ಕಿ ಹಾಕಿದಳು. ಸಂಜೆಯೊಳಗೆ ಹಾಳೆ, ನಮೂನೆ, ನನ್ನ ಪಂಚನಾಮೆ ಎಲ್ಲ ಸೇರಿ ಹೊರದೇಶಕ್ಕೆ ಹೋಯಿತು. ಪಂಚನಾಮೆಯನ್ನು ಕಂಪ್ಯೂಟರೇ ಇಂಗ್ಲಿಷಿಗೆ ತಿರುಗಿಸಿತು, ಅದಕ್ಕೆ ಎಷ್ಟು ಅರ್ಥವಾಗಿತ್ತೋ.

ಒಂದು ತಿಂಗಳು ನಾನು ಹೊನ್ನಾಳಿಯಲ್ಲಿ ದೊಡ್ಡ ಮನುಷ್ಯನಾಗಿದ್ದೆ. ಚಹಾ ಅಂಗಡಿಯವನು ‘ನಮ್ಮ ಗುಡ್ಡ’ ಎಂದೇ ಹೇಳುತ್ತಿದ್ದ. ಬಿಸಿಲು ಜಾಸ್ತಿಯಾದ ದಿನ, ನಮ್ಮ ಗುಡ್ಡದ ಕಡೆ ಹೆಂಗೈತ್ರಿ ಎಂದು ಕೇಳುತ್ತಿದ್ದ. ಅಲ್ಲೀಗ ಚಳಿಗಾಲ ಶುರು ಎಂದು ನಾನು ಅಳಿಯನ ಮನೆಯ ಸುದ್ದಿ ಹೇಳುವವನ ಹಾಗೆ ಹೇಳುತ್ತಿದ್ದೆ.

ಆಮೇಲೆ ಪತ್ರ ಬಂತು. ಅದು ತಪಾಸಣೆದಾರರ ಹೆಸರಿಗೆ, ಅಂದರೆ ನನ್ನ ಹೆಸರಿಗೆ. ಮಾಲೀಕರು ಹುಬ್ಬಳ್ಳಿಯಿಂದ ಫೋನಿನಲ್ಲಿ ಓದಿ ಕನ್ನಡದಲ್ಲಿ ಹೇಳಿದರು. ಸಹಿ ಹಾಕಿದ ಈ ನಾಲ್ವರು ಯಾವ ತಂಡದವರು, ಯಾವ ಋತುವಿನಲ್ಲಿ ಗುಡ್ಡ ಹತ್ತಿದರು ಎಂದು ಮೊದಲ ಪ್ರಶ್ನೆ. ನಗು ಬಂತು. ಎರಡನೆಯದು ಕೇಳಿದ ಮೇಲೆ ನಗು ನಿಂತಿತು. ಅಲ್ಲಿಯ ಬರುವ ಬೇಸಗೆಯಲ್ಲಿ ಬಂಡೆಗಳನ್ನು ಪರೀಕ್ಷೆ ಮಾಡಲು ಕೆಲವರು ಆ ಗುಡ್ಡಕ್ಕೆ ಹೊರಟಿದ್ದಾರೆ, ಅವರ ಕೈಗೆ ಈ ಹಾಳೆಯನ್ನೇ ಕೊಡುವುದು. ಚುಕ್ಕಿಗೆರೆಯ ದಾರಿಗೆ ಆಧಾರ ಏನೆಂದು ತಪಾಸಣೆದಾರರು ಬರೆದು ಸಹಿ ಮಾಡಿ ತಿಳಿಸಬೇಕು.

ಮಾಲೀಕರು ತಣ್ಣಗೆ ಎರಡು ಉಪಾಯ ಹೇಳಿದರು. ಹಳೆಯ ಯಾವುದೋ ಫೋಟೋದಲ್ಲಿ ದಾರಿ ಕಂಡಿತ್ತು, ಅದು ಈಗ ಸಿಗುತ್ತಿಲ್ಲ ಎಂದು ಬರೆಯುವುದು ಒಂದು. ಅದು ಬೇಡವಾದರೆ ಇನ್ನೊಂದು.

“ಹುಡುಗಿ ಕೈತಪ್ಪಿನಿಂದ ಆಗೈತೆ ಅಂತ ಬರೀರಿ ಸಾಹೇಬ್ರೆ. ಹೆಂಗೂ ಆಕೆ ಇನ್ನೂ ಕಾಯಂ ಆಗಿಲ್ಲ.”

ಫೋನಿನ ಸದ್ದು ಜೋರಾಗಿತ್ತು. ಅವಳು ಎರಡು ಮಾರು ದೂರದಲ್ಲಿ ಕೂತಿದ್ದಳು, ತಲೆ ಎತ್ತಲಿಲ್ಲ. ಹೆದರಿದ್ದಾಳೆ ಎಂದುಕೊಂಡೆ. ನನಗೂ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ತಪ್ಪು ಮಾಡಿದೆ ಎಂದು ಬರೆದು ಕೆಳಗೆ ಸಹಿ ಹಾಕುವುದು ನಮ್ಮ ಇಲಾಖೆಯಲ್ಲಿ ಕೈ ಕತ್ತರಿಸಿ ಕೊಟ್ಟಹಾಗೆ. ನಾಳೆ ಬರೆಯುತ್ತೇನೆ ಎಂದು ಫೋನಿಟ್ಟೆ. ಎದ್ದು ಅವಳ ಹತ್ತಿರ ಹೋಗಿ, ಆ ಫೋಟೋ ತೋರಿಸಮ್ಮಾ ಎಂದೆ.

ಅಷ್ಟು ದಿನ ಆ ಗುಡ್ಡವನ್ನು ತಿದ್ದಿದ್ದ ನಾನು ಅದನ್ನು ನೋಡಿದ್ದು ಅವತ್ತು. ಅಲ್ಲಿಯವರೆಗೆ ನೋಡಿದ್ದು ಬರೀ ಗೆರೆಯನ್ನು ತಾನೇ, ಫೋಟೋವನ್ನು ಒಮ್ಮೆಯೂ ಕೇಳಿರಲಿಲ್ಲ. ಅವಳು ಅದನ್ನು ಹಿಗ್ಗಿಸುತ್ತ ಹೋದಳು. ಬಿಳಿ, ಬಿಳಿಯೊಳಗೆ ಇನ್ನೊಂದು ಬಿಳಿ, ಗಾಳಿ ಕೊರೆದ ಏಣುಗಳು, ಬಂಡೆಗಳ ಉದ್ದುದ್ದ ನೆರಳು. ಎಷ್ಟು ಚೆನ್ನಾಗಿತ್ತು ಅಂದರೆ ಒಂದು ಗಳಿಗೆ ಬಂದ ಕೆಲಸವೇ ಮರೆತುಹೋಯಿತು. ದಾರಿ ಎಲ್ಲಿ ಬರುತ್ತದೆ ಎಂದು ಕೇಳಿದೆ. ಅವಳು ಬೆರಳಿಟ್ಟು ತೋರಿಸಿದಳು. ಅಲ್ಲಿ ಬಿಳಿಯ ಮೇಲೆ ಸಣ್ಣಗೆ ಬೂದು ಎಳೆಗಳು, ಒಂದರ ಪಕ್ಕ ಒಂದು.

“ಇವು ಬಿರುಕು ಸಾರ್. ಮೇಲೆ ತೆಳ್ಳಗೆ ಹಿಮ ಮುಚ್ಚಿರ್ತೈತಂತೆ. ಕಾಲಿಟ್ರೆ ಒಳಗೆ.”

ಏರು ಕಡಿಮೆ ಎಂದು ಎತ್ತಿಗೆ ಕನಿಕರ ತೋರಿಸಿದ್ದೆನಲ್ಲ, ಆ ದಾರಿಯ ಉದ್ದಕ್ಕೂ ಬಿರುಕು.

ಆಗ ಅವಳಿಗೆ ಸೊಕ್ಕೆ ಎಂಬ ಊರಿನ ವಿಷಯ ಹೇಳಿದೆ. ಅಲ್ಲಿಯವರೆಗೆ ಹೆಂಡತಿಗೂ ಹೇಳಿರಲಿಲ್ಲ. ಜಗಳೂರಿನಲ್ಲಿದ್ದಾಗ ಸೊಕ್ಕೆಯಲ್ಲಿ ಅಣ್ಣತಮ್ಮಂದಿರ ಹೊಲ ಪಾಲು ಮಾಡಿ ನಕ್ಷೆ ಬರೆಯಬೇಕಿತ್ತು. ಬಿಸಿಲಿಗೆ ಹೆದರಿ ನಾನು ಚಹಾ ಅಂಗಡಿಯಿಂದ ಏಳಲಿಲ್ಲ. ಹಳೆಯ ನಕ್ಷೆ ನೋಡಿಕೊಂಡು ಅಲ್ಲೇ ಬರೆದೆ, ಅಲ್ಲೇ ಪಂಚರ ಸಹಿ ಆಯಿತು. ಕೊನೆಯಲ್ಲಿದ್ದ ಗರಸು ದಿಣ್ಣೆ ಮನೆಯ ಹೆಣ್ಣುಮಗಳ ಪಾಲಿಗೆ ಹೋಗಿತ್ತು, ಅದಕ್ಕೆ ದಾರಿ ಬರೆಯುವುದನ್ನೇ ಬಿಟ್ಟಿದ್ದೆ. ಮುಂದಿನ ಹೊಲದವರು ಮುಳ್ಳು ಹಚ್ಚಿ ದಾರಿ ಮುಚ್ಚಿದರು. ಆಕೆ ಆಫೀಸಿಗೆ ಬಂದು ಬಂದು ಕೇಳಿದಳು, ಸ್ಥಳ ನೋಡಾಕೆ ಬರ್ರಿ ಸಾಹೇಬ್ರೆ ಎಂದು. ಕಾಗದದಲ್ಲಿ ದಾರಿ ಇಲ್ಲ ಅಂದರೆ ಇಲ್ಲ ಎಂದು ನಾನು ಗದರಿಸಿ ಕಳಿಸುತ್ತಿದ್ದೆ. ಕಾಗದ ಬರೆದವನು ನಾನೇ ಎಂದು ಒಪ್ಪಿಕೊಳ್ಳದೆ ವರ್ಗ ಮಾಡಿಸಿಕೊಂಡು ನ್ಯಾಮತಿಗೆ ಬಂದೆ. ಅಂದಿನಿಂದ ದಾರಿ ಬರೆಯುವುದು ನನಗೊಂದು ಹುಚ್ಚು. ನಿಜವಾಗಿ ಕಲಿಯಬೇಕಾಗಿದ್ದದ್ದು ಎದ್ದುಹೋಗಿ ನೋಡುವುದನ್ನು, ನಾನು ಕಲಿತದ್ದು ಚುಕ್ಕಿ ಇಡುವುದನ್ನು.

ಅವಳು ಎದ್ದು ಒಂದು ಬಿಳೀ ಹಾಳೆ ತಂದು ಮುಂದಿಟ್ಟಳು.

ಬರೆದೆ. ‘ನಾನು ಸದರಿ ಗುಡ್ಡವನ್ನು ನೋಡಿಲ್ಲ. ಅಲ್ಲಿಗೆ ಹೋಗಿಲ್ಲ. ಸಹಿ ಹಾಕಿದ ನಾಲ್ವರೂ ಹೋಗಿಲ್ಲ, ಅವರು ಹೊನ್ನಾಳಿಯವರು. ಫೋಟೋವನ್ನೂ ನೋಡದೆ ತಪಾಸಣೆ ಮಾಡಿದ್ದೇನೆ. ದಾರಿ ಎಂಬುದು ಇರುವುದಿಲ್ಲ. ಗೆರೆ ಎಳೆದವರು ಎರಡು ಸಲ ಬೇಡವೆಂದರೂ ನಾನು ಗದರಿಸಿ ಹಾಕಿಸಿದೆ. ಆ ಜಾಗದಲ್ಲಿ ಬಿರುಕುಗಳಿವೆ, ಯಾರೂ ಹೋಗಬಾರದು.’ ಇಷ್ಟು ಸಣ್ಣ ಪಂಚನಾಮೆಯನ್ನು ನಾನು ಬರೆದದ್ದೇ ಇಲ್ಲ. ಕೆಳಗೆ ಸಹಿ ಮಾಡಿದೆ. ಮಾಲೀಕರಿಗೆ ತೋರಿಸದೆ ಅವಳ ಕೈಲೇ ಕಳಿಸಿದೆ. ವಿಷಯ ತಿಳಿದು ಅವರು ಫೋನಿನಲ್ಲಿ ಬೈದದ್ದನ್ನು ಇಲ್ಲಿ ಬರೆಯಲಾಗದು, ನನ್ನ ಬೈಗುಳವೆಲ್ಲ ಅದರ ಮುಂದೆ ಜೋಗುಳ.

ಹದಿನೈದು ದಿನ ಕಾದೆವು. ಆ ಹದಿನೈದು ದಿನ ನಾನು ಒಬ್ಬರಿಗೂ ಬೈಯಲಿಲ್ಲ, ಹೆಂಡತಿ ಗಾಬರಿಯಾಗಿ ಬಿ.ಪಿ. ತೋರಿಸಿಕೊಂಡು ಬನ್ನಿ ಎಂದಳು. ಕೊನೆಗೆ ಉತ್ತರ ಬಂತು. ದಾರಿಯನ್ನು ಅಳಿಸಿದ್ದಾರೆ. ತುಂಡುಗೆರೆಗಳು ಪ್ರಾಮಾಣಿಕವಾಗಿವೆ ಎಂದು ಮೆಚ್ಚಿದ್ದಾರೆ. ಹಾಳೆ ಪಾಸು. ಇನ್ನು ಮುಂದೆ ಗೆರೆ ಎಳೆದವರೇ ತಪಾಸಣೆಯನ್ನೂ ಮಾಡಲಿ, ಈಗಿನ ತಪಾಸಣೆದಾರರು ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಕೊನೆಯ ಸಾಲು. ಅವಳ ಕೆಲಸ ಕಾಯಂ ಆಯಿತು, ನನ್ನ ಕೆಲಸ ಮುಗಿಯಿತು. ಬೇಜಾರಾಗಲಿಲ್ಲ ಎಂದರೆ ಸುಳ್ಳು. ಆದರೂ ಒಬ್ಬ ಹೆಣ್ಣುಮಗಳನ್ನು ಉಳಿಸಿದೆನಲ್ಲ ಎಂದು ಒಳಗೊಳಗೇ ಎದೆ ಉಬ್ಬಿತ್ತು.

ಒಂದು ಮಾತು ಮಾತ್ರ ಅರ್ಥವಾಗಿರಲಿಲ್ಲ. ‘ಇಬ್ಬರ ಹೇಳಿಕೆಯೂ ಒಂದೇ ಆಗಿರುವುದರಿಂದ ಹಾಳೆಯನ್ನು ಒಪ್ಪಿದ್ದೇವೆ, ಇಲ್ಲದಿದ್ದರೆ ಈ ಆಫೀಸಿನ ಕೆಲಸವನ್ನೇ ನಿಲ್ಲಿಸಬೇಕೆಂದಿದ್ದೆವು’ ಎಂದಿತ್ತು. ಹೇಳಿಕೆ ಕೊಟ್ಟವನು ನಾನೊಬ್ಬ, ಇನ್ನೊಬ್ಬರು ಯಾರಮ್ಮಾ ಎಂದು ಕೇಳಿದೆ.

ಅವಳು ಕಂಪ್ಯೂಟರಿನಲ್ಲಿ ಹಾಳೆಯ ಮೂಲೆ ಹಿಗ್ಗಿಸಿ ತೋರಿಸಿದಳು. ಷರಾ ಬರೆಯುವ ಜಾಗದಲ್ಲಿ ಸಣ್ಣ ಅಕ್ಷರ: ‘ಚುಕ್ಕಿಗೆರೆ ಫೋಟೋದಲ್ಲಿಲ್ಲ. ತಪಾಸಣೆದಾರರು ಹೇಳಿದ್ದರಿಂದ ಹಾಕಿದ್ದೇನೆ.’ ನಾನು ಮೇಜು ಗುದ್ದಿದ ದಿನವೇ ಬರೆದು ಕಳಿಸಿದ್ದಳು. ಹೊರದೇಶದವರಿಗೆ ಮೊದಲಿಂದಲೂ ಗೊತ್ತಿತ್ತು. ನಾವು ಏನು ಹೇಳುತ್ತೇವೆ ಎಂದು ನೋಡಲು ಕೇಳಿದ್ದರು ಅಷ್ಟೆ.

ನನಗ್ಯಾಕೆ ಹೇಳಲಿಲ್ಲ ಎಂದೆ. ಹೇಳಿದ್ದರೆ ಬೈದು ಅಳಿಸಿಬಿಡುತ್ತಿದ್ದಿರಿ ಎಂದಳು. ಅದು ನಿಜ. ಸರಿ, ನಾನು ನಿನ್ನ ಮೇಲೆ ಹಾಕಿ ಬರೆದುಬಿಟ್ಟಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿಕೊಂಡೇ ಹೇಳಿದಳು.

“ಬರೀತೀರಿ ಅಂತ್ಲೇ ಅನ್ಕೊಂಡಿದ್ದೆ ಸಾರ್. ಆ ಪತ್ರ ಬಂದ ದಿನಾನೇ ಚನ್ನಗಿರಿ ಸ್ಟುಡಿಯೋದೋರಿಗೆ ಫೋನ್ ಮಾಡಿ, ನನ್ನ ಜಾಗ ಇನ್ನೂ ಖಾಲಿ ಐತಾ ಅಂತ ಕೇಳಿದ್ದೆ.”

ನಾನು ಕೆಂಪು ಪೆನ್ಸಿಲನ್ನು ಅವಳ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದೆ.